ಒಂದೇ ದಿಕ್ಕಿಗೆ ಮಲಗಿದ ಜೋಡಿಗಳು

ಮನೆಯಲ್ಲಿ ನನ್ನ ಹೆಸರೇ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಹಾರಿಬೀಳುತ್ತಿದ್ದೆ, ಬಾಗಿಲು ಜೋರಾಗಿ ಬಡಿದರೆ ಮಂಚದ ಕೆಳಗೆ ಸೇರುತ್ತಿದ್ದೆ, ಪರೀಕ್ಷೆಯ ಹಿಂದಿನ ದಿನ ತಪ್ಪದೆ ಜ್ವರ ಬರುತ್ತಿತ್ತು. ಅಕ್ಕ ಇದಕ್ಕೆ ತದ್ವಿರುದ್ಧ. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ನನಗೆ ಒಂಬತ್ತು. ನನ್ನನ್ನು ಯಾರು ಇಟ್ಟುಕೊಳ್ಳುವುದು ಅಂತ ನೆಂಟರು ಮುಂದಿನ ಕೋಣೆಯಲ್ಲಿ ಪಿಸುಗುಟ್ಟುತ್ತಿರುವಾಗ, ಅಕ್ಕ ಒಳಗಿನಿಂದ ಹೊಲಿಗೆ ಯಂತ್ರವನ್ನು ಎಳೆದು ತಂದು ಕಿಟಕಿಯ ಪಕ್ಕ ಇಟ್ಟು, ಯಾರ ಮುಖವನ್ನೂ ನೋಡದೆ ಹೊಲಿಯಲು ಕೂತಳು. ಮಾತು ಅಲ್ಲಿಗೆ ಮುಗಿಯಿತು. ಅವಳು ಹೆದರಿದ್ದನ್ನು ನಾನು ಕಂಡೇ ಇರಲಿಲ್ಲ. ಹೆದರಿಕೆ ಹಂಚುವಾಗ ದೇವರು ಅವಳ ಪಾಲನ್ನೂ ನನಗೇ ಬಡಿಸಿದ್ದಾನೆ ಅಂತ ಅವಳೇ ನಗುತ್ತಿದ್ದಳು.

ಇಂಥ ನಾನು ಹೋಗಿ ಹೋಗಿ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಹದಿನಾಲ್ಕು ವರ್ಷವಾಯಿತು. ನಾನು ವಿಜ್ಞಾನಿಯಲ್ಲ, ಅವರು ತಂದುಕೊಟ್ಟದ್ದರ ಚಿತ್ರ ತೆಗೆದುಕೊಡುವವಳು. ನಮ್ಮ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುವ ಕೊಳವೆಯಿಲ್ಲ. ಅದು ನೋಡುವುದಿಲ್ಲ, ಸವರುತ್ತದೆ. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದಾದ ಒಂದು ಮೊನೆ, ನಾವು ಟಿಪ್ ಅನ್ನುತ್ತೇವೆ, ಸ್ಯಾಂಪಲ್ಲಿನ ಮೇಲೆ ಸಾಲುಸಾಲಾಗಿ ಹೋಗಿಬರುತ್ತದೆ. ಎಲ್ಲಿ ಏರಿತು, ಎಲ್ಲಿ ಇಳಿಯಿತು ಅನ್ನುವುದೇ ಪರದೆಯ ಮೇಲೆ ಚಿತ್ರವಾಗಿ ಮೂಡುತ್ತದೆ. ಕರೆಂಟು ಹೋದಾಗ ಗೋಡೆ ತಡವಿಕೊಂಡು ಬಾಗಿಲು ಹುಡುಕುತ್ತೇವಲ್ಲ, ಹಾಗೆ.

ಪ್ರತಿ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಗುಂಪಿನ ಸಭೆ. ಎರಡನೇ ಮಹಡಿಯ ಉದ್ದ ಕೋಣೆ, ಒಂದು ಕಾಲು ಗಿಡ್ಡವಾದ ಮೇಜು, ಎಷ್ಟು ಒರೆಸಿದರೂ ಹಳೆಯ ಲೆಕ್ಕಗಳು ಅಳಿಯದ ಬಿಳಿ ಹಲಗೆ, ಬಿಸ್ಕತ್ತಿನ ಡಬ್ಬಿ. ಗುಂಪಿನ ಯಜಮಾನಿಕೆ ಮೇಡಂ ಅವರದು. ಅವರು ಭೌತಶಾಸ್ತ್ರದವರು, ಕನ್ನಡಕದ ಮೇಲಿನಿಂದ ನೋಡಿದರೆ ಸಾಕು, ತಪ್ಪು ಮಾಡದವರೂ ಕ್ಷಮೆ ಕೇಳುತ್ತಾರೆ. ಕಣಗಳನ್ನು ಸೀಸೆಯಲ್ಲಿ ತಯಾರಿಸುವವರು ರಸಾಯನದ ಮೇಷ್ಟ್ರು. ಆ ಕಣಗಳ ಮೇಲೆ ಔಷಧ ಹೊರಿಸಿ ಕಣ್ಣಿಗೆ ಹನಿಯಾಗಿ ಹಾಕಬೇಕೆಂದು ಹೊರಟವರು ಪಕ್ಕದ ಆಸ್ಪತ್ರೆಯ ಕಣ್ಣಿನ ಡಾಕ್ಟರು. ಇವರಲ್ಲದೆ ಐದಾರು ಜನ ವಿದ್ಯಾರ್ಥಿಗಳು. ನಾನು ಯಾವಾಗಲೂ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ, ಏನಾದರೂ ಆದರೆ ಮೊದಲು ಹೊರಗೆ ಓಡಬಹುದು ಅಂತ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅಲ್ಲ ಇವರು. ತಮ್ಮ ತಮ್ಮ ಎತ್ತಿನ ವಿಷಯದಲ್ಲಿ ಬಾಲ ಎತ್ತಿ ನೋಡದೆ ಬಿಡುವವರಲ್ಲ. ಪಕ್ಕದವರ ಎತ್ತು ಈದರೆ ಮಾತ್ರ ತಲೆಬಾಗಿ ಒಪ್ಪಿಬಿಡುತ್ತಿದ್ದರು. ಅದು ಅವರ ವಿಷಯ, ಅವರಿಗೆ ಗೊತ್ತಿರುತ್ತದೆ ಅನ್ನುವ ಮರ್ಯಾದೆ. ಈ ಕಾಯಿಲೆ ಮೇಡಂ ಅವರಿಗೂ ಗೊತ್ತಿತ್ತು. ಅದಕ್ಕೇ ಅವರೊಂದು ಪದ್ಧತಿ ಮಾಡಿದ್ದರು, ಅದರ ಹೆಸರು ಅದಲುಬದಲು. ತಿಂಗಳ ಕೊನೆಯ ಗುರುವಾರ ಒಬ್ಬರ ಕೆಲಸವನ್ನು ಇನ್ನೊಂದು ವಿಷಯದವರು ಎದ್ದು ನಿಂತು ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ವಿವರಿಸಬೇಕು. ಅಡುಗೆಮನೆಯಲ್ಲಿ ಇಡುತ್ತಾರಲ್ಲ, ತಿರುಗಿಸಿಟ್ಟರೆ ಟಿಕ್ ಟಿಕ್ ಅಂದು ಕೊನೆಗೆ ಬಡಿದುಕೊಳ್ಳುವ ಗಂಟೆ, ಅದನ್ನು ಇಪ್ಪತ್ತು ನಿಮಿಷಕ್ಕೆ ಇಡುತ್ತಿದ್ದರು. ಅದು ಬಡಿಯುವವರೆಗೆ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ಕೆಲಸದ ಒಡೆಯರಂತೂ ಕೆಮ್ಮುವಂತಿಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿ ಮೇಡಂ ಅವರ ಲೆಕ್ಕವನ್ನೇ ತಲೆಕೆಳಗಾಗಿ ವಿವರಿಸಿದಾಗಲೂ ಅವರು ಇಪ್ಪತ್ತು ನಿಮಿಷ ಬಿಸ್ಕತ್ತು ಕಡಿಯುತ್ತ ಕೂತಿದ್ದರು.

ಆ ಕಣಗಳ ಮೊದಲ ಚಿತ್ರ ತೆಗೆದವಳು ನಾನು, ಹನ್ನೊಂದು ತಿಂಗಳ ಹಿಂದೆ. ಕಣಗಳೆಲ್ಲ ಎರಡೆರಡಾಗಿ ಅಂಟಿಕೊಂಡಿದ್ದವು. ಒಂದು ದೊಡ್ಡದು, ಅದರ ಭುಜಕ್ಕೆ ತಾಗಿ ಒಂದು ಚಿಕ್ಕದು. ಮೇಡಂ ಪರದೆಯ ಮುಂದೆ ಕೂತವರು ಅರ್ಧ ಗಂಟೆ ಏಳಲಿಲ್ಲ. ಡಾಕ್ಟರಿಗೆ ಬೇಕಾದದ್ದೂ ಅದೇ ಆಗಿತ್ತು. ಹನಿಯಲ್ಲಿರುವ ಔಷಧ ಮಾತ್ರ ನಿಧಾನವಾಗಿ ಕಣ್ಣಿನ ಹಿಂಭಾಗಕ್ಕೆ ಇಳಿಯಬೇಕು, ಅದನ್ನು ಹೊತ್ತು ತಂದ ಕಣ ಮುಂದೆಯೇ ಉಳಿಯಬೇಕು. ಒಂಟಿ ಕಣವಾದರೆ ತೂರಿಕೊಂಡು ಹಿಂದಕ್ಕೆ ಹೋಗಿ, ಇರುವ ಅಷ್ಟಿಷ್ಟು ದೃಷ್ಟಿಯನ್ನೂ ತಿಂದುಬಿಡಬಹುದು. ರಕ್ತಕ್ಕೆ ಸೇರಿದರೆ ಚೆನ್ನಾಗಿರುವ ಕಣ್ಣಿಗೂ ಅಪಾಯ. ಜೋಡಿಯಾದರೆ ದೊಡ್ಡದು, ಆ ದಾರಿಯಲ್ಲಿ ಹಿಡಿಸುವುದಿಲ್ಲ.

ನಾನು ಬೇರೆ ಟಿಪ್ ಹಾಕಿ ಮತ್ತೆ ಚಿತ್ರ ತೆಗೆದಾಗ ಜೋಡಿಗಳು ಕಾಣಲಿಲ್ಲ, ಮಂಕಾದ ಒಂಟಿ ಉಬ್ಬುಗಳು ಕಂಡವು. ಆ ಟಿಪ್ ಮೊಂಡಾಗಿರಬೇಕು ಅಂದುಕೊಂಡು ಎಸೆದೆ. ಇನ್ನೊಂದೂ ಹಾಗೇ. ಅದನ್ನೂ ಎಸೆದೆ. ಮೊದಲನೆಯದನ್ನು ಮತ್ತೆ ಹಾಕಿದರೆ ಜೋಡಿಗಳು ಕೆತ್ತಿಟ್ಟ ಹಾಗೆ ಎದ್ದು ಬಂದವು. ಅಂದಿನಿಂದ ಆ ಟಿಪ್ಪನ್ನು ಬೇರೆ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು, ಮುಚ್ಚಳದ ಮೇಲೆ ರಾಣಿ ಅಂತ ಬರೆದೆ. ಜೋಡಿಕಣಗಳ ಕೆಲಸಕ್ಕೆ ಬಿಟ್ಟರೆ ಅದನ್ನು ತೆಗೆಯುತ್ತಿರಲಿಲ್ಲ. ಅಂಥ ಟಿಪ್ ಸಿಗುವುದು ಪುಣ್ಯ ಅಂತ ಮೇಡಂ ಕೂಡ ಹೇಳಿದ್ದರು. ಮೊದಲ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಸಭೆಯ ಕೋಣೆಯ ಬಾಗಿಲಿಗೆ ಅಂಟಿಸಿದರು. ನಾನು ಒಳಗೆ ಹೋಗುವಾಗೊಮ್ಮೆ ಹೊರಗೆ ಬರುವಾಗೊಮ್ಮೆ ಅದನ್ನು ನೋಡಿ ಹಿಗ್ಗುತ್ತಿದ್ದೆ.

ಡಾಕ್ಟರು ಮೊದಲ ಹನಿಗೆ ಆರು ಜನರ ಪಟ್ಟಿ ಮಾಡಿದರು. ಅದರಲ್ಲಿ ನನ್ನ ಅಕ್ಕನೂ ಒಬ್ಬಳು. ಅವಳ ಎಡಗಣ್ಣಿನ ಹಿಂಪೊರೆ, ಡಾಕ್ಟರು ರೆಟಿನಾ ಅನ್ನುವುದು, ಮೂರು ವರ್ಷದಿಂದ ಸವೆಯುತ್ತಿತ್ತು, ಬಲಗಣ್ಣಿಗೂ ಸ್ವಲ್ಪ ಸ್ವಲ್ಪ ಶುರುವಾಗಿತ್ತು. ನಾನು ಶಿಫಾರಸು ಮಾಡಿದ್ದಲ್ಲ, ಅವಳೇ ಆಸ್ಪತ್ರೆಯ ಸಾಲಿನಲ್ಲಿ ನಿಂತು ಹೆಸರು ಕೊಟ್ಟವಳು. ಅವಳು ಈಗಲೂ ಅದೇ ಕಿಟಕಿಯ ಪಕ್ಕ ಕೂತು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಯಂತ್ರದ ಹೊಲಿಗೆ ಕೈಗೆ ರೂಢಿಯಾಗಿದೆ; ಗುಂಡಿ, ಕಾಜ, ಅಂಚಿನ ಕೈಹೊಲಿಗೆಗೆ ಸೂಜಿ ಪೋಣಿಸುವುದೇ ಆಗುತ್ತಿರಲಿಲ್ಲ. ಅದಕ್ಕೆ ಪ್ರತಿ ಭಾನುವಾರ ನಾನು ಹೋಗಿ ಊಟ ಮಾಡಿ, ವಾರಕ್ಕೆ ಬೇಕಾದಷ್ಟು ಸೂಜಿಗಳಿಗೆ ದಾರ ಪೋಣಿಸಿ ಅವಳ ಪುಟ್ಟ ದಿಂಬಿಗೆ ಚುಚ್ಚಿಟ್ಟು ಬರುತ್ತಿದ್ದೆ. ಬಿಳಿ ಐದು, ನೀಲಿ ಐದು, ಬೂದು ನಾಲ್ಕು. ಈ ಹನಿ ಹಾಕಿಸಿಕೊಂಡ ಮೇಲೆ ನಿನ್ನ ಉಪಕಾರ ಬೇಡ ಅಂತ ಅವಳು ಛೇಡಿಸುತ್ತಿದ್ದಳು.

ಕಳೆದ ತಿಂಗಳ ಕೊನೆಗೆ ಮೇಡಂ ಮುಂದಿನ ಗುರುವಾರದ ಅದಲುಬದಲಿಗೆ ನನ್ನ ಹೆಸರು ಹೇಳಿದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ನಾನು ಡಾಕ್ಟರ ಯೋಜನೆಯನ್ನು ವಿವರಿಸಬೇಕು. ಮೊದಲ ಹನಿ ಅದರ ಮುಂದಿನ ಸೋಮವಾರ, ಹಾಗಾಗಿ ಎಲ್ಲರೂ ಒಮ್ಮೆ ಮೊದಲಿನಿಂದ ಕೇಳಿಸಿಕೊಳ್ಳಲಿ ಅಂದರು. ಆಗಲ್ಲ ಅನ್ನುವುದಕ್ಕೂ ಧೈರ್ಯ ಬೇಕಲ್ಲ, ಹೂಂ ಅಂದೆ.

ಶುಕ್ರವಾರ ಬೆಳಿಗ್ಗೆ ಕಾಗದ ಪೆನ್ನು ಹಿಡಿದು ಕೂತೆ. ಹನಿ ಯಾಕೆ ಅಪಾಯವಲ್ಲ? ಕಣಗಳು ಜೋಡಿಯಾಗಿರುವುದರಿಂದ. ಜೋಡಿ ಅಂತ ಹೇಗೆ ಗೊತ್ತು? ರಸಾಯನದ ಮೇಷ್ಟ್ರ ಅಳತೆ ನೋಡಿದೆ. ಅದು ಅತ್ತ ಒಂಟಿಯೂ ಅಲ್ಲ, ಇತ್ತ ಜೋಡಿಯೂ ಅಲ್ಲ ಅನ್ನುವಂತಿತ್ತು. ಕೆಳಗೆ ಅವರೇ ಬರೆದಿದ್ದರು: ಸೂಕ್ಷ್ಮದರ್ಶಕದ ಚಿತ್ರ ನೋಡಿದರೆ ಜೋಡಿ ಎಂದೇ ತಿಳಿಯಬೇಕು. ಮೇಡಂ ಅವರ ಲೆಕ್ಕ ಜೋಡಿಯಿಂದಲೇ ಶುರುವಾಗುತ್ತಿತ್ತು. ಡಾಕ್ಟರು ಮೊಲಗಳ ಮೇಲೆ ಪರೀಕ್ಷೆ ಮಾಡಿದ್ದರು, ಏನೂ ತೊಂದರೆ ಕಂಡಿರಲಿಲ್ಲ. ಆದರೆ ಅಕ್ಷರ ಮಸುಕಾಗಿದೆಯೇ ಅಂತ ಮೊಲವನ್ನು ಕೇಳುವವರಾರು. ಯಾವ ಕಾಗದ ಹಿಡಿದು ಹಿಂದೆ ಹಿಂದೆ ಹೋದರೂ ಕೊನೆಗೆ ನನ್ನ ಚಿತ್ರದ ಮುಂದೆ ಬಂದು ನಿಲ್ಲುತ್ತಿದ್ದೆ. ಇಷ್ಟು ದೊಡ್ಡ ಮನುಷ್ಯರೆಲ್ಲ ನನ್ನ ಭುಜದ ಮೇಲೆ ನಿಂತಿದ್ದಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆಗ ನಾನು ಆ ಚಿತ್ರವನ್ನು ಹಿಗ್ಗಿನಿಂದಲ್ಲ, ಹೆದರಿಕೆಯಿಂದ ನೋಡಿದೆ. ದೊಡ್ಡದು ಎಡಕ್ಕೆ, ಚಿಕ್ಕದು ಬಲಕ್ಕೆ ಸ್ವಲ್ಪ ಮೇಲೆ. ಪಕ್ಕದ ಜೋಡಿಯೂ ಹಾಗೇ. ಅದರ ಪಕ್ಕದ್ದೂ ಹಾಗೇ. ನೂರ ಮೂವತ್ತು ಜೋಡಿಗಳನ್ನು ಎಣಿಸಿದೆ, ಒಂದಾದರೂ ಮಗ್ಗುಲು ಬದಲಿಸಿ ಮಲಗಿರಲಿಲ್ಲ. ಮುಷ್ಟಿ ತುಂಬ ಕಾಳು ಎರಚಿದರೆ ಎಲ್ಲವೂ ಒಂದೇ ಕಡೆ ಮುಖ ಮಾಡಿ ಬೀಳುತ್ತವೆಯೇ? ಹನ್ನೊಂದು ತಿಂಗಳು ಆ ಬಾಗಿಲು ದಾಟುವಾಗಲೆಲ್ಲ ನೋಡಿದ್ದೆ.

ಪರೀಕ್ಷೆ ಸುಲಭ. ಅಡಿಯಲ್ಲಿರುವ ಸ್ಯಾಂಪಲ್ಲನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಚಿತ್ರ ತೆಗೆಯಬೇಕು. ಜೋಡಿಗಳು ನಿಜವಾದರೆ ಅವೂ ತಿರುಗಿರುತ್ತವೆ. ರಾಣಿಯನ್ನು ಹಾಕಿದೆ. ಸ್ಯಾಂಪಲ್ಲನ್ನು ತಿರುಗಿಸಿದೆ. ಪರದೆಯ ಮೇಲೆ ಸಾಲು ಸಾಲಾಗಿ ಚಿತ್ರ ಇಳಿಯಲು ಎಂಟು ನಿಮಿಷ ಬೇಕು. ಆ ಎಂಟು ನಿಮಿಷ ನಾನು ಹೇಗೆ ಕೂತಿದ್ದೆನೋ ನನಗೇ ಗೊತ್ತಿಲ್ಲ. ದೊಡ್ಡದು ಎಡಕ್ಕೆ. ಚಿಕ್ಕದು ಬಲಕ್ಕೆ, ಸ್ವಲ್ಪ ಮೇಲೆ.

ರಾಣಿಯ ಮೊನೆ ಮುರಿದಿತ್ತು. ಮುರಿದು ಎರಡು ತುದಿಯಾಗಿತ್ತು. ಒಂದೊಂದು ಒಂಟಿ ಕಣವನ್ನೂ ಅದು ಎರಡೆರಡು ಸಲ ಮುಟ್ಟಿ ಎರಡು ಅಂತ ಹೇಳುತ್ತಿತ್ತು. ಮೊಂಡು ಅಂತ ನಾನು ಎಸೆದವು ನಿಜ ಹೇಳುತ್ತಿದ್ದವು, ಹತ್ತಿಯ ಮೇಲೆ ಮಲಗಿಸಿದ್ದು ಸುಳ್ಳು ಹೇಳುತ್ತಿತ್ತು.

ಅಂದೇ ಮೇಡಂ ಕೋಣೆಗೆ ಹೋಗಿ ಹೇಳಬೇಕಿತ್ತು. ಅವರ ಬಾಗಿಲವರೆಗೆ ಹೋದೆ, ಒಳಗೆ ಅವರು ಫೋನಿನಲ್ಲಿ ಯಾರಿಗೋ ಜೋಡಿಕಣಗಳ ಬಗ್ಗೆಯೇ ನಗುತ್ತ ಹೇಳುತ್ತಿದ್ದರು, ತಿರುಗಿ ಬಂದೆ. ಡಾಕ್ಟರಿಗೆ ಇಮೇಲ್ ಬರೆದೆ, ಅಳಿಸಿದೆ, ಮತ್ತೆ ಬರೆದು ಅಳಿಸಿದೆ. ಗಂಡನಿಗೂ ಹೇಳಲಿಲ್ಲ, ಅವನಿಗೆ ಹೇಳುವುದೂ ಬೀದಿಗೆ ಹೇಳುವುದೂ ಒಂದೇ. ಹೇಳಿದರೆ ಹದಿನಾಲ್ಕು ವರ್ಷದ ನನ್ನ ಮಾನ ಮೂರು ಕಾಸಾಗುತ್ತದೆ, ಅದು ಒಂದು. ಅದಕ್ಕಿಂತ ಹೆಚ್ಚಿನದು ಅಕ್ಕ. ಹನಿ ನಿಂತುಹೋದರೆ ಎಲ್ಲ ಮೊದಲಿನಿಂದ ಶುರುವಾಗಬೇಕು, ಎರಡು ಮೂರು ವರ್ಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಅವಳ ಎಡಗಣ್ಣು ಉಳಿದಿರುವುದಿಲ್ಲ. ಹೇಳದಿದ್ದರೆ ಆ ಹನಿ ಅದೇ ಕಣ್ಣಿಗೆ ಬೀಳುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಪುಕ್ಕಲರು ಮಾಡುವುದನ್ನೇ ಮಾಡಿದೆ. ಹನಿ ಇರುವುದು ಸೋಮವಾರ, ಸಭೆ ಗುರುವಾರ, ನಡುವೆ ನಾಲ್ಕು ದಿನ ಇದೆ, ಗುರುವಾರ ಹೇಳಿದರಾಯಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಅಕ್ಕನ ಮನೆಗೆ ಹೋದೆ. ಊಟ ಮಾಡಿದೆ. ಅವಳು ಏನೋ ಹೇಳಿ ನಗಿಸಲು ನೋಡಿದಳು. ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ ಅಂತ ಕೇಳಿದಾಗ ಗುರುವಾರ ಸಭೆಯಲ್ಲಿ ಮಾತಾಡಬೇಕಂತೆ ಅಂದೆ. ಅವಳಿಗೆ ಅಷ್ಟೇ ಸಾಕಾಯಿತು, ಶಾಲೆಯಲ್ಲಿ ಪದ್ಯ ಹೇಳಲು ನಿಂತು ನಾನು ಅತ್ತದ್ದನ್ನು ಮತ್ತೆ ಅಭಿನಯಿಸಿ ತೋರಿಸಿದಳು. ಹದಿನಾಲ್ಕು ಸೂಜಿ ಪೋಣಿಸಿಟ್ಟೆ. ಹೊರಡುವಾಗ ಬಾಗಿಲಲ್ಲಿ ನಿಂತು, ಇದೇ ಕೊನೆ ಸಲ ಕಣೆ ನಿನಗೆ ಈ ಕೂಲಿ, ಅಂದಳು. ನಾನು ಬಗ್ಗಿ ಚಪ್ಪಲಿ ಹುಡುಕುವ ನೆಪ ಮಾಡಿದೆ.

ಮಂಗಳವಾರ ಸಂಜೆ ಅವಳ ಫೋನ್ ಬಂತು. ಅವಳ ದನಿ ಕೇಳಿದರೆ ಬಾಯಿಂದ ಎಲ್ಲ ಜಾರಿಬಿಡುತ್ತದೆ ಅಂತ ಎತ್ತಲಿಲ್ಲ. ಬುಧವಾರ ಬೆಳಿಗ್ಗೆ ಮತ್ತೆ ಎರಡು ಸಲ ಬಂತು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಮೇಜು ಸಣ್ಣಗೆ ನಡುಗಿ ನಿಂತಿತು.

ಗುರುವಾರ ಮೂರು ಗಂಟೆಗೆ ಮೇಡಂ ಗಂಟೆಯನ್ನು ಇಪ್ಪತ್ತಕ್ಕೆ ತಿರುಗಿಸಿಟ್ಟು ನನ್ನ ಕಡೆ ನೋಡಿ ತಲೆಯಾಡಿಸಿದರು. ಎದ್ದು ನಿಂತೆ. ಕಾಗದವನ್ನು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಒತ್ತಿಕೊಂಡೆ. ಕಣ್ಣಿನ ಕಾಯಿಲೆ ಎಂಥದು, ಹನಿ ಏನು ಮಾಡುತ್ತದೆ, ಯಾಕೆ ಜೋಡಿಯೇ ಬೇಕು, ಎಲ್ಲ ಹೇಳಿದೆ. ಡಾಕ್ಟರು ಮೆಚ್ಚುಗೆಯಿಂದ ಕೇಳುತ್ತಿದ್ದರು. ಜೋಡಿ ಅಂತ ನಮಗೆ ಹೇಗೆ ಗೊತ್ತು ಅನ್ನುವಲ್ಲಿಗೆ ಬಂದೆ. ಅಲ್ಲಿ ನನ್ನ ಮಾತು ನಿಂತಿತು. ಗಂಟೆಯ ಟಿಕ್ ಟಿಕ್ ಬಿಟ್ಟರೆ ಕೋಣೆಯಲ್ಲಿ ಸದ್ದಿಲ್ಲ. ಬೇರೆ ಯಾವ ಸಭೆಯಾಗಿದ್ದರೂ ಯಾರಾದರೂ ನೆರವಿಗೆ ಬಂದು ಮಾತು ಮುಂದುವರಿಸುತ್ತಿದ್ದರು, ನಾನು ಕೂತುಬಿಡುತ್ತಿದ್ದೆ. ಇಲ್ಲಿ ಯಾರೂ ಬರುವಂತಿರಲಿಲ್ಲ. ನಾನು ಮಾತಾಡಲೇಬೇಕಿತ್ತು.

"ಗೊತ್ತಿಲ್ಲ," ಅಂದೆ. "ಬಾಗಿಲ ಮೇಲಿರೋ ಚಿತ್ರದಲ್ಲಿ ಜೋಡಿ ಕಣ ಇಲ್ಲ. ಅಲ್ಲಿರೋದು ನನ್ನ ಮುರಿದ ಟಿಪ್."

ಒಮ್ಮೆ ಹೊರಗೆ ಬಿದ್ದ ಮೇಲೆ ಮಿಕ್ಕದ್ದು ತಾನಾಗಿ ಬಂತು. ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುವುದನ್ನು ತೋರಿಸಿದೆ. ತಿರುಗಿಸಿ ತೆಗೆದ ಚಿತ್ರ ತೋರಿಸಿದೆ. ಹೊಸ ಟಿಪ್ಪಿನ ಒಂಟಿ ಕಣಗಳನ್ನು ತೋರಿಸಿದೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣು ಅಷ್ಟು ಚಿಕ್ಕವು ಅಂತ ನನಗೆ ಅಂದೇ ಗೊತ್ತಾದದ್ದು. ರಸಾಯನದ ಮೇಷ್ಟ್ರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ತಮಗೆ ಮೊದಲಿನಿಂದಲೂ ಅನುಮಾನವಿತ್ತು, ಆದರೆ ಚಿತ್ರ ತಮ್ಮ ವಿಷಯವಲ್ಲ ಅಂತ ಸುಮ್ಮನಿದ್ದುದಾಗಿ ಅವರು ಆಮೇಲೆ ಹೇಳಿದರು.

ಗಂಟೆಯಲ್ಲಿ ಇನ್ನೂ ಏಳು ನಿಮಿಷವಿತ್ತು. ಆಗ ಡಾಕ್ಟರು ಎದ್ದು ನಿಂತರು. ನಾನು ಕಂಡಂತೆ ಗಂಟೆ ಬಡಿಯುವ ಮೊದಲು ಯಾರೂ ಎದ್ದದ್ದಿಲ್ಲ. ಮೇಡಂ ತಡೆಯಲಿಲ್ಲ.

"ನಿನ್ನೆ ಒಬ್ಬರಿಗೆ ಹಾಕ್ಬಿಟ್ಟಿದ್ದೀನಿ," ಅಂದರು.

ಆಸ್ಪತ್ರೆಯಲ್ಲಿ ಸೋಮವಾರಕ್ಕೆ ಕೊಠಡಿ ಇಲ್ಲ ಅಂದರಂತೆ, ಬುಧವಾರ ಖಾಲಿಯಿದೆ ಅಂದರಂತೆ. ಒಪ್ಪಿಗೆಯ ಕಾಗದವೆಲ್ಲ ಮೊದಲೇ ಸಿದ್ಧವಿತ್ತು. ಆರು ಜನಕ್ಕೂ ಮಂಗಳವಾರ ಸಂಜೆ ಫೋನ್ ಮಾಡಿಸಿದರು, ನಾಳೆಯೇ ಬರುತ್ತೇನೆ ಅಂದವರು ಒಬ್ಬರೇ. ಇದನ್ನೆಲ್ಲ ಅವರು ಮೇಡಂ ಕಡೆ ತಿರುಗಿ ಹೇಳುತ್ತಿದ್ದರು. ನನಗೆ ಮಂಗಳವಾರ ಸಂಜೆ ಅನ್ನುವುದು ಕಿವಿಗೆ ಬಿದ್ದಾಗಲೇ ನಾನು ಎತ್ತದ ಫೋನ್ ನೆನಪಾಗಿತ್ತು. ಆದರೂ ಕೇಳಿದೆ, ಯಾರು ಅಂತ.

ಡಾಕ್ಟರು ನನ್ನನ್ನು ವಿಚಿತ್ರವಾಗಿ ನೋಡಿದರು. "ನಿಮ್ಮಕ್ಕ ನಿಮಗೆ ಹೇಳ್ಲಿಲ್ವಾ?"

ಕುರ್ಚಿ ಎಲ್ಲಿದೆ ಅಂತ ಕೈಯಿಂದ ತಡವಿ ಕೂತೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಮಿಕ್ಕ ಐವರನ್ನು ಆಗಲೇ ನಿಲ್ಲಿಸಿದರು. ಅಕ್ಕನ ಕಣ್ಣನ್ನು ನಾಳೆ ಬೆಳಿಗ್ಗೆಯಿಂದ ನಲವತ್ತು ದಿನ ದಿನವೂ ನೋಡಬೇಕು ಅಂದರು. ಒಳಗೆ ಹೋದ ಕಣವನ್ನು ಹೊರಗೆ ತೆಗೆಯಲು ಆಗುತ್ತದೆಯೇ ಅಂತ ಮೇಡಂ ಕೇಳಿದರು, ಡಾಕ್ಟರು ಇಲ್ಲ ಅಂದರು. ಆ ಹೊತ್ತಿಗೆ ಮೇಜಿನ ಮೇಲಿನ ಗಂಟೆ ಬಡಿದುಕೊಳ್ಳತೊಡಗಿತು, ಯಾರೂ ಅದನ್ನು ಮುಟ್ಟದೆ ಅದು ತಾನೇ ಸುಸ್ತಾಗಿ ನಿಂತಿತು.

ನನ್ನನ್ನು ಯಾರೂ ಬಯ್ಯಲಿಲ್ಲ. ಬಾಗಿಲಲ್ಲಿ ಮೇಡಂ ನನ್ನ ತೋಳು ಹಿಡಿದು, ನೀವು ಹೇಳಿದ್ದು ದೊಡ್ಡದು, ಈ ಬಾಗಿಲ ಮೇಲಿನ ಚಿತ್ರ ನಾನೂ ನೋಡಿದ್ದೆ, ಅಂದರು. ಯಾವತ್ತು ಗೊತ್ತಾಯಿತು ಅಂತ ಅವರು ಕೇಳಲಿಲ್ಲ. ಅವರ ಮನಸ್ಸಿನಲ್ಲಿ ಅದು ಅಂದೇ, ಆ ಬೆಳಿಗ್ಗೆಯೇ ಗೊತ್ತಾದದ್ದು. ನಾನೂ ತಿದ್ದಲಿಲ್ಲ.

ಪ್ರಯೋಗಾಲಯದಿಂದ ಅಕ್ಕನ ಮನೆಗೆ ಇಪ್ಪತ್ತು ನಿಮಿಷದ ದಾರಿ. ಬಸ್ಸಿಗೆ ಕಾಯಲು ಆಗಲಿಲ್ಲ, ನಡೆದೆ. ಡಾಕ್ಟರು ತಾವೇ ಬಂದು ಹೇಳುತ್ತೇನೆ ಅಂದಿದ್ದರು, ನಾನು ಹೇಳುತ್ತೇನೆ ಅಂದಿದ್ದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದೆ. ಶುಕ್ರವಾರ ಹೇಳಿದ್ದರೆ. ಶನಿವಾರ ಹೇಳಿದ್ದರೆ. ಮಂಗಳವಾರ ಸಂಜೆ ಆ ಫೋನ್ ಎತ್ತಿ, ಅಕ್ಕ ಅಂದಿದ್ದರೂ ಸಾಕಿತ್ತು.

ಅವಳು ಕಿಟಕಿಯ ಪಕ್ಕ ಕೂತಿದ್ದಳು. ಎಡಗಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಳ, ಅದರ ಸುತ್ತ ಅಂಟುಪಟ್ಟಿ. ಹೊಲಿಯದ ಅಂಗಿಗಳು ಯಂತ್ರದ ಪಕ್ಕ ರಾಶಿಯಾಗಿದ್ದವು, ಎರಡು ದಿನ ಬಗ್ಗಿ ಕೆಲಸ ಮಾಡಬಾರದು ಅಂದಿದ್ದರಂತೆ. ನನ್ನನ್ನು ಕಂಡದ್ದೇ, ಮೂರು ಸಲ ಫೋನ್ ಮಾಡಿದೆ, ಜೊತೆಗೆ ಬಾ ಅಂತ ಕರೆಯೋಣ ಅಂದುಕೊಂಡರೆ ದೊಡ್ಡ ಮನುಷ್ಯಳಾಗಿಬಿಟ್ಟಿದ್ದೀಯಲ್ಲ, ಅಂತ ಶುರುಮಾಡಿದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ನಿಂತುಕೊಂಡೇ ಹೇಳಿದೆ. ಕಣ, ಜೋಡಿ, ತೂರುವ ದಾರಿ, ಎಲ್ಲ. ಹನ್ನೊಂದು ತಿಂಗಳು ಗುಂಪಿನವರಾರಿಗೂ ಹೊಳೆಯದ್ದು ಅವಳಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು.

"ಸೂಜಿ ಮುರಿದಿತ್ತು ಅನ್ನು."

"ಹೂಂ."

"ಮುರಿದಿದ್ದನ್ನೇ ಒಳ್ಳೆ ಸೂಜಿ ಅಂತ ಎತ್ತಿಟ್ಕೊಂಡೆ."

ತಲೆಯಾಡಿಸಿದೆ. ಬಲಗಣ್ಣಿಗೂ ಏನಾದರೂ ಆಗುತ್ತದೆಯಾ ಅಂತ ಕೇಳಿದಳು. ಆಗಬಹುದು, ಆಗದೆಯೂ ಇರಬಹುದು, ನಲವತ್ತು ದಿನ ನೋಡಬೇಕಂತೆ ಅಂದೆ. ಆಮೇಲೆ ಮೇಡಂ ಕೇಳದೆ ಬಿಟ್ಟದ್ದನ್ನು ಅವಳು ಕೇಳಿದಳು.

"ನಿನಗೆ ಯಾವತ್ತು ಗೊತ್ತಾಯ್ತು?"

ಇವತ್ತು ಅನ್ನಬಹುದಿತ್ತು. ಮೇಡಂ ಹಾಗೇ ತಿಳಿದಿದ್ದರು, ಗುಂಪಿನವರೆಲ್ಲ ಹಾಗೇ ತಿಳಿದಿದ್ದರು, ಇಲ್ಲ ಅನ್ನುವವರು ಯಾರೂ ಇರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವಳು ಮುಚ್ಚಳವಿಲ್ಲದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

"ಶುಕ್ರವಾರ," ಅಂದೆ.

ಅವಳ ಹೆಬ್ಬೆರಳು ತೋರುಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಹೋಯಿತು. ಶುಕ್ರವಾರ, ಶನಿವಾರ, ಮೂರನೆಯ ಗೆಣ್ಣಿಗೆ ಬಂದು ನಿಂತಿತು.

"ಭಾನುವಾರ ಇಲ್ಲೇ ಕೂತು ಊಟ ಮಾಡ್ದೆ," ಅಂದಳು. ಜೋರಾಗಿ ಹೇಳಲಿಲ್ಲ. "ಹದಿನಾಲ್ಕು ಸೂಜಿ ಪೋಣಿಸ್ದೆ."

ಬಯ್ಯುತ್ತಾಳೆ ಅಂತ ಕಾದೆ. ಹೊಡೆದರೂ ಚೆನ್ನಾಗಿತ್ತು. ಚಿಕ್ಕಂದಿನಲ್ಲಿ ತಪ್ಪು ಮಾಡಿದಾಗ ಅಳತೆಪಟ್ಟಿಯಿಂದ ಮೊಣಕಾಲಿಗೆ ಒಂದು ಕೊಟ್ಟು ಆಮೇಲೆ ಮರೆತುಬಿಡುತ್ತಿದ್ದಳು. ಅವಳು ಏನೂ ಮಾಡಲಿಲ್ಲ. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಹೊರಗೆ ಶಾಲೆ ಬಿಟ್ಟ ಮಕ್ಕಳು ಅವಳು ಹೊಲಿದ ನೀಲಿ ಚಡ್ಡಿ, ನೀಲಿ ಲಂಗ ತೊಟ್ಟುಕೊಂಡು ಗಲಾಟೆ ಮಾಡುತ್ತ ಹೋದರು. ಅವರ ಸದ್ದು ದೂರವಾಗುವವರೆಗೂ ಅವಳು ಕಿವಿಗೊಟ್ಟು ಕೇಳಿದಳು.

ಆಮೇಲೆ ಪುಟ್ಟ ದಿಂಬನ್ನು ಕೈಯಲ್ಲಿ ತಡವಿ ಹತ್ತಿರಕ್ಕೆಳೆದಳು. ನೀಲಿ ದಾರದವು ಮುಗಿದಿದ್ದವು. ಒಂದು ಬರಿಯ ಸೂಜಿಯನ್ನು ಕಿತ್ತು, ದಾರದುಂಡೆಯ ಜೊತೆ ನನ್ನ ಕಡೆ ಚಾಚಿದಳು. ತೆಗೆದುಕೊಂಡೆ. ಹದಿನಾಲ್ಕು ವರ್ಷ ಕಣ್ಣಿಗೆ ಕಾಣದ ಮೊನೆಗಳನ್ನು ಚಿಮಟದಲ್ಲಿ ಎತ್ತಿ ಕೂರಿಸಿದ ಕೈ. ದಾರ ಸೂಜಿಯ ಕಣ್ಣಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ನೂಕಿದೆ.

"ನಾಳೆ ಎಷ್ಟು ಗಂಟೆಗೆ ಬರಕ್ಕೆ ಹೇಳಿದ್ದಾರೆ?"

"ಎಂಟಕ್ಕೆ. ನಾನೇ ಕರ್ಕೊಂಡು ಹೋಗ್ತೀನಿ. ನಲವತ್ತು ದಿನಾನೂ ಬರ್ತೀನಿ ಅಕ್ಕ."

ಅವಳು ಎದ್ದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಅವಳ ಮೊಣಕೈ ನನ್ನ ಮೊಣಕೈಗೆ ತಾಗಿತು. ಅದು ನಡುಗುತ್ತಿತ್ತು. ಮೊದಲು ನಾನು ನನ್ನದೇ ನಡುಕ ಅಂದುಕೊಂಡೆ.

"ನನಗೆ ಭಯ ಆಗ್ತಿದೆ ಕಣೆ," ಅಂದಳು.

ಹೆದರಬೇಡ ಅನ್ನಲು ಬಾಯಿ ತೆರೆದೆ. ಆ ಮಾತನ್ನು ಹುಟ್ಟಿದಾಗಿನಿಂದ ಅವಳೇ ನನಗೆ ಹೇಳುತ್ತ ಬಂದದ್ದು, ನನ್ನ ಬಾಯಿಂದ ಅದು ಹೊರಡಲಿಲ್ಲ. ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ದಾರವನ್ನು ಇನ್ನೊಮ್ಮೆ ನೂಕಿದೆ.